ವಾರ್ಡ್ ಸಮಿತಿ: ಜನರನ್ನು ಕೇಳಬೇಕಾದುದು ಯಾವಾಗ?

ಪ್ರಶ್ನೆ: ನಾನು ವಾರ್ಡ್ ಸಮಿತಿಯೊಂದರ ಸದಸ್ಯೆ. ಸಭೆಗೆ ಬಂದವರು ತಮ್ಮ ಮನೆಯ ಎದುರಿನ ದಾರಿದೀಪ, ಚರಂಡಿಯ ದೂರು ಹೇಳಿ ಹೊರಟುಹೋಗುತ್ತಾರೆ. ಮುಂದಿನ ಸಲ ಅವರೂ ಬರುವುದಿಲ್ಲ. ಜನರು ತೀರ್ಮಾನಗಳಲ್ಲಿ ಪಾಲ್ಗೊಳ್ಳುವಂತೆ ಮಾಡುವುದು ಹೇಗೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಬಂದವರು ಮತ್ತೆ ಬಾರದಿರುವುದಕ್ಕೆ ನಿರಾಸಕ್ತಿಯೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಎಲ್ಲವೂ ತೀರ್ಮಾನವಾದ ಮೇಲೆ ಅಭಿಪ್ರಾಯ ಕೇಳಿದರೆ, ಹೇಳಿದ ಮಾತಿಗೆ ಉತ್ತರವೂ ಸಿಗದಿದ್ದರೆ, ಯಾರು ತಾನೇ ಎರಡನೆಯ ಸಲ ಬಂದಾರು?

ಕರ್ನಾಟಕ ಪೌರ ನಿಗಮಗಳ ಕಾಯಿದೆಗೆ 2011ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಮಿತಿಗೆ ವಾರ್ಡಿನಿಂದ ಆಯ್ಕೆಯಾದ ಪಾಲಿಕೆ ಸದಸ್ಯರೇ ಅಧ್ಯಕ್ಷರು. ನಾಮನಿರ್ದೇಶಿತರಾದ ಹತ್ತು ಮಂದಿಯಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇರಬೇಕು. ದೂರು ಕೇಳುವುದಷ್ಟೇ ಈ ಸಮಿತಿಯ ಕೆಲಸವಲ್ಲ. ವಾರ್ಡಿನ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯೂ ಅದರದೇ. ಆದ್ದರಿಂದ ದೀಪ, ಚರಂಡಿಯ ದೂರುಗಳನ್ನು ಸಭೆಗೆ ಮೊದಲೇ ಒಂದು ಪುಸ್ತಕದಲ್ಲಿ ಬರೆಸಿಕೊಂಡು ಸಂಬಂಧಪಟ್ಟವರಿಗೆ ಕಳುಹಿಸಿಬಿಡಿ. ಸಭೆಯ ಹೊತ್ತು ಇನ್ನೂ ತೀರ್ಮಾನವಾಗದ ಕೆಲಸಗಳಿಗೆ ಮೀಸಲಾಗಲಿ.

ಕಾಂಕ್ರೀಟ್ ರಸ್ತೆಯನ್ನೇ ತೆಗೆದುಕೊಳ್ಳಿ. ನಮ್ಮದು ಗುಡ್ಡ, ತಗ್ಗುಗಳ ಊರು. ಹಳೆಯ ಡಾಮರಿನ ಮೇಲೆಯೇ ಕಾಂಕ್ರೀಟ್ ಬಿದ್ದರೆ ರಸ್ತೆ ಏರುತ್ತದೆ, ಜೂನ್ ತಿಂಗಳ ಮಳೆಗೆ ಅದರ ನೀರೆಲ್ಲ ತಗ್ಗಿನ ಮನೆಯ ಅಂಗಳಕ್ಕೆ ಇಳಿಯುತ್ತದೆ. ನೀರು ಯಾವ ತಿರುವಿನಲ್ಲಿ ಉಕ್ಕುತ್ತದೆ, ಯಾವ ಮೋರಿ ಕಸದಿಂದ ಕಟ್ಟಿಕೊಳ್ಳುತ್ತದೆ, ಹಿಂದೆ ತೋಡು ಎಲ್ಲಿ ಹರಿಯುತ್ತಿತ್ತು ಎಂಬುದು ಅಲ್ಲಿ ಮೂವತ್ತು ಮಳೆಗಾಲ ಕಂಡವರಿಗೆ ಗೊತ್ತಿರುವಷ್ಟು ಅಂದಾಜುಪಟ್ಟಿ ಬರೆಯುವ ಎಂಜಿನಿಯರಿಗೆ ಗೊತ್ತಿರಬೇಕೆಂದಿಲ್ಲ. ಹಾಗಾಗಿ ಟೆಂಡರ್ ಕರೆಯುವ ಮೊದಲೇ ಎಂಜಿನಿಯರು ಸಮಿತಿಯವರೊಂದಿಗೂ ಆ ರಸ್ತೆಯ ಮನೆಯವರೊಂದಿಗೂ ಒಮ್ಮೆ ನಡೆದು ನೋಡಬೇಕೆಂದು ನಿರ್ಣಯ ಮಾಡಿ, ನಡಾವಳಿಯಲ್ಲಿ ಬರೆಸಿ. ಟೆಂಡರ್ ಆದ ಮೇಲೆ ಬಂದ ಒಳ್ಳೆಯ ಸಲಹೆಗೂ ‘ಇನ್ನು ಬದಲಿಸಲಾಗದು’ ಎಂಬ ಉತ್ತರವೇ ಕಾದಿರುತ್ತದೆ.

ಸಭೆಯ ಸಮಯವನ್ನೂ ಯೋಚಿಸಿ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆಯಿಟ್ಟರೆ ಮೀನು ಮಾರುವ ಹೆಂಗಸರೂ ಬೀಡಿ ಕಟ್ಟುವವರೂ ಬಾಡಿಗೆ ಮನೆಯ ದುಡಿಯುವವರೂ ಬರಲಾರರು. ತುಳು, ಬ್ಯಾರಿ, ಕೊಂಕಣಿಯಲ್ಲಿ ಮಾತನಾಡಲು ಅವಕಾಶವಿರಲಿ, ನಡಾವಳಿ ಕನ್ನಡದಲ್ಲಿರಲಿ. ಪ್ರತಿಯೊಂದು ಸಲಹೆಯ ಮುಂದೆ ಅದನ್ನು ಒಪ್ಪಲಾಯಿತೇ, ಇಲ್ಲವೇ, ಇಲ್ಲವಾದರೆ ಕಾರಣವೇನು ಎಂದು ಬರೆದು, ಆ ಹಾಳೆಯನ್ನು ಅಂಗನವಾಡಿಯಲ್ಲೂ ಪಡಿತರ ಅಂಗಡಿಯಲ್ಲೂ ಅಂಟಿಸಿ. ‘ಆಗದು’ ಎಂಬುದನ್ನು ಕಾರಣ ಸಹಿತ ತಿಳಿಸಿದರೆ ಜನ ಅಷ್ಟು ಮುನಿಸಿಕೊಳ್ಳುವುದಿಲ್ಲ. ಏನೂ ತಿಳಿಸದಿದ್ದಾಗಲೇ ದೂರವಾಗುತ್ತಾರೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಮಂಗಳೂರು ಪಾಲಿಕೆಯ 60 ವಾರ್ಡುಗಳಲ್ಲಿ ಒಂದರ ಅನುಕೂಲ ಇನ್ನೊಂದರ ಸಂಕಟವಾಗಬಹುದು. 2019ರ ಆಗಸ್ಟ್‌ನಲ್ಲಿ ನಗರದ ಕಸ ಸುರಿಯುವ ಪಚ್ಚನಾಡಿಯ ತ್ಯಾಜ್ಯರಾಶಿ ಜಾರಿ, ಪಕ್ಕದ ಮಂದಾರ ಎಂಬ ಊರಿನ ತೋಟ, ಮನೆಗಳನ್ನು ಮುಚ್ಚಿತು. ಆ ಕಸ ಇಡೀ ನಗರದ್ದಾಗಿತ್ತು. ಕಸ, ಒಳಚರಂಡಿಗಳಂಥ ವಿಷಯದಲ್ಲಿ ಪರಿಣಾಮವನ್ನು ಅನುಭವಿಸುವ ಊರಿನವರ ಮಾತನ್ನು ಮೊದಲು ಕೇಳುವುದು ನ್ಯಾಯ. ಅದಕ್ಕಾಗಿ ಅಕ್ಕಪಕ್ಕದ ಸಮಿತಿಗಳು ಆಗಾಗ ಒಟ್ಟಿಗೆ ಕೂರಬೇಕು.

ಪ್ರಶ್ನೆ: ಉಡುಪಿಯಲ್ಲಿಯೂ ಇಂಥ ಸಮಿತಿಗಳು ಕಡ್ಡಾಯವೇ? ಇಲ್ಲವಾದರೆ ನಾವೇನು ಮಾಡಬಹುದು?
– ಓದುಗರೊಬ್ಬರು, ಮಣಿಪಾಲ

ಉತ್ತರ: ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 35 ವಾರ್ಡುಗಳ ಉಡುಪಿ ನಗರಸಭೆ ಆ ಮಿತಿಯನ್ನು ಮುಟ್ಟುವುದಿಲ್ಲ. ಆದರೆ ನಿಮ್ಮ ವಾರ್ಡಿನ ಸದಸ್ಯರು ತಾವಾಗಿಯೇ ನಿವಾಸಿಗಳ ಸಭೆ ಕರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹತ್ತು ಮನೆಯವರು ಸೇರಿ ಲಿಖಿತವಾಗಿ ಕೇಳಿಕೊಳ್ಳಿ. ಬಜೆಟ್‌ಗೆ ಮೊದಲು ನಡೆಯುವ ಸಾರ್ವಜನಿಕ ಸಮಾಲೋಚನೆಗೆ ಹೋಗುವಾಗ ಬೇಡಿಕೆಗಳ ಉದ್ದದ ಪಟ್ಟಿಯ ಬದಲು ಎರಡೇ ಕೆಲಸಗಳನ್ನು ಸ್ಥಳದ ವಿವರದೊಂದಿಗೆ ಬರೆದು ಕೊಟ್ಟು, ಸ್ವೀಕೃತಿ ಪಡೆಯಿರಿ. ಏನಾಯಿತೆಂದು ತಿಳಿಯದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಲೇಬೇಕು.