ಓದುಗರ ಪ್ರಶ್ನೆ: ವೀರಗಲ್ಲಿನ ಚಿತ್ರಗಳು ಮತ್ತು ತಿಂಗಳ ನಡುವೆ ಮುಗಿಯುವ ಬ್ಯಾಂಡ್‌ವಿಡ್ತ್

ಪ್ರಶ್ನೆ: ಕೋಲಾರ ಜಿಲ್ಲೆಯ ಹಳೆಯ ದೇವಾಲಯ, ವೀರಗಲ್ಲು, ಶಾಸನ ಮತ್ತು ಕಲ್ಯಾಣಿಗಳ ಛಾಯಾಚಿತ್ರಗಳನ್ನು ಒಂದೆಡೆ ಸೇರಿಸುವ ಆಸಕ್ತರ ಬಳಗವೊಂದನ್ನು ನಾವು ಕೆಲವರು ಅಂತರ್ಜಾಲದಲ್ಲಿ ನಡೆಸುತ್ತಿದ್ದೇವೆ. ಸದಸ್ಯರು ಆವಣಿ, ಕುರುಡುಮಲೆ ಮುಂತಾದ ಕಡೆ ತೆಗೆದ ಚಿತ್ರಗಳನ್ನು ಫೋನಿನಿಂದ ನೇರವಾಗಿ ಅಪ್‌ಲೋಡ್ ಮಾಡುತ್ತಾರೆ. ಬ್ಯಾಂಡ್‌ವಿಡ್ತ್ (ತಾಣದಿಂದ ತಿಂಗಳಿಗೆ ಇಷ್ಟೇ ಕಳುಹಿಸಬಹುದೆಂಬ ಮಿತಿ) ಮುಗಿಯಿತೆಂದು ತಿಂಗಳ ಮೂರನೇ ವಾರದಲ್ಲೇ ನಮ್ಮ ತಾಣ ನಿಂತುಹೋಗುತ್ತದೆ; ಸರ್ವರಿನಲ್ಲಿ ಜಾಗವೂ ತುಂಬುತ್ತಿದೆ. ಹಳೆಯ ಚಿತ್ರಗಳನ್ನು ಅಳಿಸಬೇಕೇ, ಇಲ್ಲವೇ ದುಬಾರಿ ಪ್ಲಾನ್ ತೆಗೆದುಕೊಳ್ಳಬೇಕೇ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಸದ್ಯಕ್ಕೆ ಎರಡೂ ಬೇಡ. ಚಿತ್ರವನ್ನು ಇಟ್ಟುಕೊಳ್ಳುವ ಖರ್ಚು ಬೇರೆ, ಅದನ್ನು ನೋಡುವವರಿಗೆ ಪ್ರತಿ ಸಲ ಕಳುಹಿಸುವ ಖರ್ಚು ಬೇರೆ. ಒಂದು ಚಿತ್ರಕ್ಕೆ ಜಾಗ ಬೇಕಾಗುವುದು ಒಮ್ಮೆ ಮಾತ್ರ, ಬ್ಯಾಂಡ್‌ವಿಡ್ತ್ ಆದರೋ ಅದನ್ನು ಎಷ್ಟು ಜನ ತೆರೆದರೋ ಅಷ್ಟು ಸಲ ಖರ್ಚಾಗುತ್ತದೆ. ನಿಮ್ಮ ತಾಣವನ್ನು ನಿಲ್ಲಿಸುತ್ತಿರುವುದು ಈ ಎರಡನೆಯದು.

ಲೆಕ್ಕ ಹಾಕಿ ನೋಡೋಣ. 12 ಮೆಗಾಪಿಕ್ಸೆಲ್ ಫೋನಿನ ಚಿತ್ರವೊಂದು ಸುಮಾರು 4 ಎಂಬಿ ಇರುತ್ತದೆ. ಒಂದು ಪುಟದಲ್ಲಿ ಅಂತಹ 20 ಚಿತ್ರಗಳಿದ್ದರೆ ಪುಟ ತೆರೆದವರಿಗೆಲ್ಲ ತಲಾ 80 ಎಂಬಿ ಹೋಗುತ್ತದೆ. ದಿನಕ್ಕೆ ನೂರು ಜನ ತೆರೆದರೆ 8 ಜಿಬಿ, ತಿಂಗಳಿಗೆ 240 ಜಿಬಿ. ಆದರೆ ಅವರ ಫೋನಿನ ಪರದೆಯ ಮೇಲೆ ಆ ಚಿತ್ರ ಕಾಣಿಸುವುದು ಹೆಬ್ಬೆರಳಿನಷ್ಟು. ಅದಕ್ಕೆ ಅಗಲ 300 ಪಿಕ್ಸೆಲ್ ಇರುವ, 30 ಕೆಬಿ ಮೀರದ ಥಂಬ್‌ನೇಲ್ ಸಾಕು. ಮೇಲಿನ 240 ಜಿಬಿ ಆಗ 2 ಜಿಬಿಗಿಂತ ಕೆಳಗಿಳಿಯುತ್ತದೆ. ಚಿತ್ರವನ್ನು ಒತ್ತಿ ದೊಡ್ಡದಾಗಿ ನೋಡುವವರಿಗೆ ಉದ್ದನೆಯ ಬದಿ 1600 ಪಿಕ್ಸೆಲ್ ಇರುವ, 400 ಕೆಬಿ ಆಸುಪಾಸಿನ ನಡುಗಾತ್ರದ ಪ್ರತಿಯನ್ನು ಕೊಡಿ. ದಿನಕ್ಕೆ ನೂರು ಜನರೂ ತಲಾ ಐದು ಚಿತ್ರಗಳನ್ನು ಹಾಗೆ ತೆರೆದರೂ ತಿಂಗಳಿಗೆ 6 ಜಿಬಿ ಆದೀತು. ಈ ಎರಡು ಪ್ರತಿಗಳಿಂದ ಜಾಗ ಹೆಚ್ಚುವುದು ಹತ್ತರಲ್ಲಿ ಒಂದು ಪಾಲಿನಷ್ಟು, ಬ್ಯಾಂಡ್‌ವಿಡ್ತ್ ಇಳಿಯುವುದು ಮೂವತ್ತರಲ್ಲಿ ಒಂದು ಪಾಲಿಗೆ.

ಹಾಗಾದರೆ ಮೂಲಚಿತ್ರವನ್ನೇ ಎಸೆದುಬಿಡಬಹುದಲ್ಲ ಎಂದು ಬಳಗದಲ್ಲಿ ಯಾರಾದರೂ ಕೇಳುತ್ತಾರೆ. ಬೇರೆ ಬಳಗಗಳಿಗೆ ನಾನೂ ಹೂಂ ಎನ್ನುತ್ತಿದ್ದೆ, ನಿಮಗೆ ಮಾತ್ರ ಹೇಳಲಾರೆ. ಜೆಪೆಗ್ ವಿಧಾನವು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದೊಳಗಿನ ನವಿರಾದ ವ್ಯತ್ಯಾಸಗಳನ್ನು ಕೈಬಿಡುತ್ತದೆ; ಕುಗ್ಗಿಸಿದಷ್ಟೂ ಅಕ್ಷರಗಳ ಅಂಚಿನಲ್ಲಿ ಕಲೆಗಳು ಮೂಡುತ್ತವೆ. ಮಾಸಿದ ಶಾಸನದಲ್ಲಿ ಅಕ್ಷರವನ್ನು ತೋರಿಸಿಕೊಡುವುದೇ ಕಲ್ಲಿನ ಗೀರಿನೊಳಗೆ ಬಿದ್ದ ತೆಳುವಾದ ನೆರಳು. ಅದು ಹೋದರೆ ಓದುವವರಿಗೆ ಏನೂ ಉಳಿಯುವುದಿಲ್ಲ, ಆ ಕಲ್ಲು ಮುಂದಿನ ವರ್ಷ ಅಲ್ಲಿಯೇ ಇರುತ್ತದೆಂಬ ಭರವಸೆಯೂ ಇಲ್ಲ. ಆದ್ದರಿಂದ ಮೂಲಚಿತ್ರಗಳನ್ನು ಮುಟ್ಟದೆ, ಪುಟಗಳಲ್ಲಿ ತೋರಿಸದೆ, ಕಡಿಮೆ ದರದ ಬೇರೊಂದು ಶೇಖರಣಾ ಸೇವೆಯಲ್ಲಿಟ್ಟು, ಕೇಳಿದವರಿಗೆ ಮಾತ್ರ ಇಳಿಸಿಕೊಳ್ಳಲು ಬಿಡಿ. ಮನೆಯ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಪ್ರತಿಯಿರಲಿ. ಸೇವೆಯನ್ನು ಆಯ್ಕೆ ಮಾಡುವಾಗ ಇಡುವ ದರದ ಜೊತೆಗೆ ಹೊರಗೆ ಕಳುಹಿಸುವ ದರವನ್ನೂ ವಿಚಾರಿಸಿ, ಏಕೆಂದರೆ ಅನೇಕ ಸೇವೆಗಳಲ್ಲಿ ಬಿಲ್ಲು ಬೆಳೆಯುವುದು ಅಲ್ಲಿಯೇ. ‘ಅನಿಯಮಿತ’ ಎಂಬ ಜಾಹೀರಾತಿನ ಪ್ಲಾನುಗಳಲ್ಲಿ ಒಟ್ಟು ಕಡತಗಳ ಸಂಖ್ಯೆಗೆ ಮಿತಿ ಇರುವುದು ಸಾಮಾನ್ಯ. ಪ್ರತಿ ಚಿತ್ರಕ್ಕೂ ಎರಡು ಮೂರು ಪ್ರತಿಗಳನ್ನು ಮಾಡುವವರು ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಉಳಿದವು ಸಣ್ಣ ಕೆಲಸಗಳು, ಆದರೂ ಬಿಡುವಂತಿಲ್ಲ. ನಡುಗಾತ್ರದ ಪ್ರತಿಗಳನ್ನು 2010ರಲ್ಲಿ ಗೂಗಲ್ ಪ್ರಕಟಿಸಿದ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಜೆಪೆಗ್‌ಗಿಂತ ಸುಮಾರು ಕಾಲು ಭಾಗ ಉಳಿತಾಯವಾಗುತ್ತದೆ. ಇಂದಿನ ಮುಖ್ಯ ಬ್ರೌಸರುಗಳೆಲ್ಲ ಅದನ್ನು ತೆರೆಯುತ್ತವೆ. ಒಮ್ಮೆ ಇಳಿದ ಚಿತ್ರವನ್ನು ಬ್ರೌಸರು ಒಂದು ವರ್ಷದವರೆಗೆ ತನ್ನಲ್ಲೇ ಇಟ್ಟುಕೊಳ್ಳುವಂತೆ ಸರ್ವರಿನ ಕ್ಯಾಶ್ ಸೂಚನೆಯಲ್ಲಿ ಬರೆಯಿಸಿ. ಚಿತ್ರ ಬದಲಾದಾಗ ಕಡತದ ಹೆಸರನ್ನೂ ಬದಲಿಸಬೇಕು, ಇಲ್ಲದಿದ್ದರೆ ಜನರಿಗೆ ಹಳೆಯದೇ ಕಾಣುತ್ತದೆ. ಪುಟದ ಕೆಳಭಾಗದ ಚಿತ್ರಗಳು ಓದುಗ ಅಲ್ಲಿಗೆ ಬಂದಾಗ ಮಾತ್ರ ಇಳಿಯುವ ವ್ಯವಸ್ಥೆಯೂ ಬ್ರೌಸರುಗಳಲ್ಲಿಯೇ ಇದೆ. ಒಂದೇ ಕಡತ ಎರಡು ಸಲ ಅಪ್‌ಲೋಡ್ ಆಗಿದ್ದರೆ ಹ್ಯಾಶ್ (ಕಡತದಿಂದ ಲೆಕ್ಕ ಹಾಕಿ ಪಡೆಯುವ, ಬೆರಳಚ್ಚಿನಂತಹ ಸಂಕೇತ) ಹೋಲಿಸಿ ತೆಗೆಯಬಹುದು. ಆದರೆ ವಾಟ್ಸ್ಆ್ಯಪಿನಲ್ಲಿ ಸಾಮಾನ್ಯ ಫೋಟೊ ಆಗಿ ಹಾದು ಬಂದ ಪ್ರತಿ ಕುಗ್ಗಿರುವುದರಿಂದ ಅದರ ಹ್ಯಾಶ್ ಬೇರೆಯಾಗಿರುತ್ತದೆ, ಅದನ್ನು ಕಣ್ಣಿನಿಂದಲೇ ಗುರುತಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಖರ್ಚು ಇಳಿಯದಿದ್ದರೆ ಸರ್ವರಿನ ಲಾಗ್, ಅಂದರೆ ಬಂದ ಕೋರಿಕೆಗಳ ದಾಖಲೆ, ತೆರೆದು ನೋಡಿ. ಬೇರೆ ತಾಣದವರು ಚಿತ್ರವನ್ನು ನಕಲಿಸಿಕೊಳ್ಳದೆ, ನಿಮ್ಮ ಸರ್ವರಿನಿಂದಲೇ ತಮ್ಮ ಪುಟಕ್ಕೆ ಎಳೆದುಕೊಳ್ಳುತ್ತಿರಬಹುದು: ನೋಡುವವರು ಅವರ ಮನೆಗೆ, ವಿದ್ಯುತ್ ಬಿಲ್ಲು ನಿಮ್ಮ ಮನೆಗೆ. ಇದಕ್ಕೆ ಹಾಟ್‌ಲಿಂಕಿಂಗ್ ಎನ್ನುತ್ತಾರೆ. ಕೋರಿಕೆ ಯಾವ ತಾಣದಿಂದ ಬಂತೆಂಬುದನ್ನು ಪರೀಕ್ಷಿಸಿ ತಡೆಯುವ ಸೌಲಭ್ಯವು ಬಹುತೇಕ ಹೋಸ್ಟಿಂಗ್ ನಿಯಂತ್ರಣ ಫಲಕಗಳಲ್ಲಿ ಇರುತ್ತದೆ.

ಪ್ರಶ್ನೆ: ಇದೆಲ್ಲ ಏಕೆ? ಉಚಿತ ಫೋಟೊ ಸೇವೆಯಲ್ಲಿ ಚಿತ್ರವಿಟ್ಟು ಅದರ ಕೊಂಡಿಯನ್ನು ಮಾತ್ರ ಬಳಸಿದರೆ ಸಾಲದೇ?
– ಓದುಗರೊಬ್ಬರು, ಶಿರಾ

ಉತ್ತರ: ಆ ಕೊಂಡಿ ಎಷ್ಟು ದಿನ ಬಾಳುತ್ತದೆಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. 2017ರಲ್ಲಿ ಫೋಟೊಬಕೆಟ್ ಸಂಸ್ಥೆಯು ಬೇರೆ ತಾಣಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ 399 ಡಾಲರ್ ಶುಲ್ಕ ವಿಧಿಸಿದಾಗ ಅಸಂಖ್ಯಾತ ಬಳಗಗಳ ಹಳೆಯ ಪುಟಗಳಲ್ಲಿ ಚಿತ್ರಗಳ ಜಾಗದಲ್ಲಿ ಶುಲ್ಕದ ಸೂಚನೆ ಕಾಣಿಸಿಕೊಂಡಿತು. ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಶೇಖರಣೆಯನ್ನು 2021ರ ಜೂನ್ 1ರಿಂದ ನಿಲ್ಲಿಸಿ, ಆಮೇಲೆ ಅಪ್‌ಲೋಡ್ ಆದ ಚಿತ್ರಗಳನ್ನೆಲ್ಲ 15 ಜಿಬಿಯ ಲೆಕ್ಕಕ್ಕೆ ಸೇರಿಸಿತು. ಉಚಿತ ಸೇವೆಯನ್ನು ಹೆಚ್ಚುವರಿ ಪ್ರತಿ ಇಡಲು ಬಳಸಿ. ಸೀಬಿ ದೇವಾಲಯದ ಛಾವಣಿಯ ವರ್ಣಚಿತ್ರಗಳಂತಹ ವಸ್ತುವಿನ ಏಕೈಕ ಪ್ರತಿಯನ್ನು ಅಲ್ಲಿಡಬೇಡಿ. ಕೊಂಡಿಯಾದರೂ ನಿಮ್ಮದೇ ವಿಳಾಸದ್ದಾಗಿರಲಿ, ಆಗ ಆ ವಿಳಾಸದ ಹಿಂದೆ ಚಿತ್ರ ಇಟ್ಟುಕೊಂಡಿರುವ ಸೇವೆ ಬದಲಾದರೂ ಪುಟಗಳು ಒಡೆಯುವುದಿಲ್ಲ.

ಪ್ರಶ್ನೆ: ಚಿತ್ರದೊಳಗೆ ಅಡಗಿರುವ ಮಾಹಿತಿಯನ್ನು ಅಳಿಸಿದರೆ ಜಾಗ ಉಳಿಯುತ್ತದೆಯೇ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಉಳಿಯುವುದು ಕೆಲವು ಕೆಬಿ ಮಾತ್ರ, ಆದರೂ ಹೊರಗೆ ತೋರಿಸುವ ಪ್ರತಿಗಳಿಂದ ಅಳಿಸಲೇಬೇಕು. ಫೋನಿನಲ್ಲಿ ಸ್ಥಳ ಗುರುತಿಸುವ ವ್ಯವಸ್ಥೆ ತೆರೆದಿದ್ದರೆ ಚಿತ್ರದ ಎಕ್ಸಿಫ್ ಮಾಹಿತಿಯಲ್ಲಿ ಅಕ್ಷಾಂಶ ರೇಖಾಂಶಗಳು ದಾಖಲಾಗುತ್ತವೆ, ಕಾವಲಿಲ್ಲದ ಪಾಳುಗುಡಿಯ ನಿಖರವಾದ ಸ್ಥಳವನ್ನು ನಿಧಿಗಾಗಿ ಅಗೆಯುವವರಿಗೆ ನಾವೇ ತಿಳಿಸಿದಂತಾಗುತ್ತದೆ. ಸಂಶೋಧಕರಿಗೆ ಬೇಕಾದ ಆ ಮಾಹಿತಿ ಮೂಲಚಿತ್ರದಲ್ಲಿ ಉಳಿದಿರಲಿ. ಒಂದು ಎಚ್ಚರಿಕೆ: ಫೋನನ್ನು ಯಾವ ಕಡೆಗೆ ಹಿಡಿದು ಚಿತ್ರ ತೆಗೆಯಲಾಯಿತೆಂಬುದೂ ಎಕ್ಸಿಫ್‌ನಲ್ಲಿಯೇ ಇರುವುದರಿಂದ, ಮೊದಲು ಚಿತ್ರವನ್ನು ನೇರಗೊಳಿಸದೆ ಅಳಿಸಿದರೆ ನಿಂತ ವೀರಗಲ್ಲು ಪರದೆಯ ಮೇಲೆ ಮಲಗಿಬಿಡುತ್ತದೆ. ಉಚಿತವಾಗಿ ದೊರೆಯುವ ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ನೇರಗೊಳಿಸುವುದು, ಕುಗ್ಗಿಸುವುದು, ಅಳಿಸುವುದು ಮೂರನ್ನೂ ಒಂದೇ ಆದೇಶದಲ್ಲಿ, ಸಾವಿರಾರು ಚಿತ್ರಗಳಿಗೆ ಒಟ್ಟಿಗೆ ಮಾಡಿಸಬಹುದು.