ಮೂತ್ರ ಕೆಂಪಾಗಿರಲಿಲ್ಲ ಅಂತ ಉಣ್ಣೆ ಜ್ವರ ಅಲ್ಲ ಅನ್ನಬೇಡಿ

ಜಗಳೂರಿನ ಅಣ್ಣಾ, ನಿಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್ ತಳಿ) ಹಸು ಜ್ವರ ಬಂದು ರಾತ್ರಿ ಸತ್ತಿದೆ. ಮೂತ್ರ ಕೆಂಪಾಗಿರಲಿಲ್ಲ, ಉಣ್ಣೆ ಜ್ವರ (ಉಣ್ಣೆ ಹುಳು ಕಚ್ಚಿ ಬರೋ ಜ್ವರ) ಇರಲಿಕ್ಕಿಲ್ಲ, ಸುಮ್ನೆ ಹೂತುಬಿಡಲಾ ಅಂತ ಕೇಳಿದ್ದೀರಿ. ಈಗಲೇ ಹೂಳಬೇಡಿ. ಇನ್ನೊಂದು ಹಸುವೂ ಮೇವು ಬಿಟ್ಟಿದೆ ಅಂದಿರಲ್ಲ, ಅದಕ್ಕೆ ಯಾವ ಇಂಜೆಕ್ಷನ್ ಅನ್ನೋದು ಈ ಸತ್ತ ಹಸುವಿನಿಂದಲೇ ಗೊತ್ತಾಗಬಹುದು.

ಪಶು ಸಹಾಯವಾಣಿ 1962ಕ್ಕೆ ಅಥವಾ ತಾಲ್ಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿ, ಮರಣೋತ್ತರ ಪರೀಕ್ಷೆಗೆ ಡಾಕ್ಟರನ್ನು ಬೇಗ ಕರೆಸಿ. ನಮ್ಮ ಕಡೆ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿ ಒಳಗೆಲ್ಲ ಕೊಳೆಯುತ್ತೆ, ಆಮೇಲೆ ಕೊಯ್ದರೂ ಏನೂ ಕಾಣಲ್ಲ. ಆದರೆ ನೀವೇ ಕತ್ತಿ ಹಿಡಿಯಬೇಡಿ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಆಂಥ್ರಾಕ್ಸ್ ಇರಬಹುದು, ಅದು ಮನುಷ್ಯರಿಗೂ ಬರುತ್ತೆ. ಡಾಕ್ಟರು ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ನೋಡಿ, ಅದು ಇಲ್ಲ ಅಂದ ಮೇಲೇ ಕೊಯ್ಯೋ ಮಾತು.

ಇನ್ನು ಕೆಂಪು ಮೂತ್ರದ ವಿಚಾರ. ಉಣ್ಣೆ ಹರಡೋ ಜ್ವರಗಳಲ್ಲಿ ಬಬೇಸಿಯಾ, ಥೈಲೇರಿಯಾ ಅಂತ ಬೇರೆ ಬೇರೆ ಇವೆ. ಕೆಂಪು ಮೂತ್ರ ಬಬೇಸಿಯಾ ಲಕ್ಷಣ. ಆ ಪರಾವಲಂಬಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತೆ, ಬಣ್ಣ ಮೂತ್ರಕ್ಕಿಳಿಯುತ್ತೆ. ಥೈಲೇರಿಯಾ ಹಾಗಲ್ಲ. ಅದು ಮೊದಲು ಬಿಳಿ ಕಣಗಳೊಳಗೆ, ದುಗ್ಧರಸ ಗ್ರಂಥಿಗಳಲ್ಲಿ ಬೆಳೆಯುತ್ತೆ. ಮೂತ್ರ ಸಾಮಾನ್ಯವಾಗಿ ಸರಿಯಾಗೇ ಇರುತ್ತೆ. ಎಚ್‌ಎಫ್, ಜರ್ಸಿ ಮಿಶ್ರತಳಿಗಳಿಗೆ ಇದರ ಕಾಟ ಜಾಸ್ತಿ. ಮೈ ಮೇಲೆ ಉಣ್ಣೆ ಕಾಣಲಿಲ್ಲ ಅಂತಲೂ ಧೈರ್ಯವಾಗಿರಬೇಡಿ. ಇದನ್ನು ಹರಡೋ ಉಣ್ಣೆ ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ ಅಡಗಿರುತ್ತೆ.

ಕೊಯ್ಯುವಾಗ ಪಕ್ಕದಲ್ಲಿ ನಿಂತು ನೋಡಿ. ಥೈಲೇರಿಯಾ ಆದರೆ ಭುಜದ ಮುಂದಿನ ಗ್ರಂಥಿ ಊದಿರುತ್ತೆ. ಶ್ವಾಸನಾಳದಲ್ಲಿ ನೊರೆ ಇರಬಹುದು, ಗುಲ್ಮ, ಪಿತ್ತಜನಕಾಂಗ ದಪ್ಪಗಾಗಿರುತ್ತೆ. ನಾಲ್ಕನೇ ಹೊಟ್ಟೆಯನ್ನು ಮಾತ್ರ ತಪ್ಪದೆ ಬಿಡಿಸಿ, ತೊಳೆಸಿ ನೋಡಿ. ಒಳಪದರದ ಮೇಲೆ ಸಣ್ಣ ದುಂಡನೆ ಹುಣ್ಣುಗಳು, ಅಂಚು ಕೆಂಪಗೆ ಉಬ್ಬಿ, ನಡುವೆ ಕುಳಿ ಬಿದ್ದಿದ್ದರೆ ಅನುಮಾನ ಥೈಲೇರಿಯಾ ಮೇಲೇ. ಬಬೇಸಿಯಾ ಆದರೆ ಮೂತ್ರಕೋಶದಲ್ಲಿ ಕಾಫಿ ಬಣ್ಣದ ಮೂತ್ರ ಉಳಿದಿರುತ್ತೆ, ಕೊಬ್ಬು ಹಳದಿ ತಿರುಗಿರುತ್ತೆ.

ಕಣ್ಣಿಗೆ ಕಂಡದ್ದು ಅನುಮಾನ ಅಷ್ಟೆ, ಖಚಿತ ಆಗೋದು ಸೂಕ್ಷ್ಮದರ್ಶಕದ ಗಾಜಿನ (ಸ್ಲೈಡಿನ) ಮೇಲೆ. ಗ್ರಂಥಿ ಕತ್ತರಿಸಿದ ಹೊಸ ಮುಖವನ್ನು ಒಣ ಬಟ್ಟೆಗೆ ಒತ್ತಿ ರಕ್ತ ತೆಗೆದು, ಸ್ಲೈಡಿಗೆ ಮೆಲ್ಲಗೆ ತಾಗಿಸಬೇಕು. ಉಜ್ಜಿದರೆ ಕಣಗಳು ಹರಿದುಹೋಗುತ್ತವೆ. ಗಾಳಿಗೆ ಒಣಗಿಸಿ, ಮೆಥನಾಲ್‌ನಲ್ಲಿ ಅದ್ದಿ, ಜಿಮ್ಸಾ ಬಣ್ಣ ಹಾಕಿದರೆ ಕಣಗಳೊಳಗೆ ಪರಾವಲಂಬಿಯ ಗುಂಪು ಕಾಣುತ್ತೆ. ಬಬೇಸಿಯಾ ಅನುಮಾನ ಇದ್ದರೆ ಮಿದುಳಿನ ತುಣುಕಿನ ಸ್ಲೈಡನ್ನೂ ಕೇಳಿ. ಪ್ರಯೋಗಾಲಯಕ್ಕೆ ಕಳಿಸೋ ಹಸಿ ತುಣುಕು ಐಸ್ ಡಬ್ಬಿಯಲ್ಲಿರಲಿ, ಫ್ರೀಜರಿನಲ್ಲಿ ಬೇಡ.

ಇಷ್ಟೆಲ್ಲ ಯಾಕೆ ಅಂದರೆ, ಬಬೇಸಿಯಾಕ್ಕೆ ಕೊಡೋ ಡೈಮಿನಜಿನ್ ಥೈಲೇರಿಯಾಕ್ಕೆ ನಾಟಲ್ಲ, ಅದಕ್ಕೆ ಬುಪಾರ್ವಕ್ವೋನ್ ಬೇಕು. ತಡವಾದಷ್ಟೂ ಅದೂ ಕಷ್ಟ. ಆ ಇನ್ನೊಂದು ಹಸುವಿನ ಜ್ವರ ಈಗಲೇ ನೋಡಿ, ಇಂಜೆಕ್ಷನ್‌ಗೆ ಮೊದಲೇ ರಕ್ತ ತೆಗೆಸಿ. ವಿಮೆ ಇದ್ದರೆ ಸತ್ತ ಹಸುವಿನ ಕಿವಿ ಓಲೆ ಬಿಚ್ಚಬೇಡಿ, ಓಲೆ ಕಾಣೋ ಹಾಗೆ ಫೋಟೋ ತೆಗೆದಿಡಿ.