ಎಂಜಿನ್ನಿನ ಹೆಡ್ (ಮೇಲಿನ ಭಾಗ) ಬಿಚ್ಚಿ ಕೆಲಸ ಮಾಡಿಸಿದ ಮೇಲೆ ಕಾರಿನ ಮೈಲೇಜ್ 17ರಿಂದ 14ಕ್ಕೆ ಇಳಿದಿದೆ. ಎಥನಾಲ್ ಪೆಟ್ರೋಲಿನಿಂದ ಹೀಗಾಗಿದೆಯಾ? ಎಂಜಿನ್ ಮತ್ತೆ ಬಿಚ್ಚಿಸಲಾ, ಮಾರಿಬಿಡಲಾ?

ಎರಡೂ ಬೇಡ. ಮೊದಲು ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ, ಟೆಂಪರೇಚರ್ ಸೂಜಿ ಎಲ್ಲಿ ನಿಲ್ಲುತ್ತದೆ ನೋಡಿ. ಕೆಳಗೇ ಉಳಿದರೆ ಎಂಜಿನ್ ಬಿಸಿಯೇ ಆಗುತ್ತಿಲ್ಲ ಅಂತ ಅರ್ಥ.

ನನಗೂ ಇದೇ ಆಗಿತ್ತು. ನಾನಿರುವುದು ವಿಜಯಪುರ, ಕೆಲಸ ಬಾಗಲಕೋಟೆಯಲ್ಲಿ, ವಾರಕ್ಕೆ ಎರಡು ಮೂರು ಸಲ ಕೊಲ್ಹಾರದ ಸೇತುವೆ ದಾಟಿ ಹೋಗಿ ಬರಬೇಕು. ಮೇ ತಿಂಗಳ ಒಂದು ಮಧ್ಯಾಹ್ನ ಕಾರು ಹೀಟ್ ಆಗಿ ದಾರಿಯಲ್ಲೇ ನಿಂತಿತು. ಹೆಡ್ ಗ್ಯಾಸ್ಕೆಟ್, ಅಂದ್ರೆ ಹೆಡ್ಡಿಗೂ ಕೆಳಗಿನ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್, ಹೋಗಿತ್ತು. ಹೆಡ್ ಇಳಿಸಿ, ಫೇಸಿಂಗ್ ಮಾಡಿಸಿ (ಅದರ ಮೈ ಸಮ ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿದರು. ಅಲ್ಲಿವರೆಗೆ ಎಲ್ಲ ಸರಿ ಇತ್ತು. ಜೋಡಿಸುವಾಗ ಮಿಸ್ತ್ರಿ ಥರ್ಮೋಸ್ಟ್ಯಾಟ್ ವಾಲ್ವ್ ಕೈಯಲ್ಲಿ ಹಿಡಿದು, "ನಮ್ಮ ಬಿಸಲಿಗೆ ಇದ್ಯಾಕ್ ಬೇಕ್ರೀ ಸರ್, ತಗದ್ ಬಿಡ್ತೀನಿ, ಮತ್ತ ಗಾಡಿ ಹೀಟ್ ಆಗೂದಿಲ್ಲ" ಅಂದರು. ನಾನು ಆಯ್ತು ಅಂದೆ.

ಆ 'ಆಯ್ತು' ಅಂದದ್ದೇ ನನ್ನ ತಪ್ಪು. ಅದನ್ನು ಪೂರ್ತಿ ಹೇಳುತ್ತೇನೆ, ಯಾಕಂದ್ರೆ ನಮ್ಮ ಕಡೆ ಬಹಳ ಜನ ಇದನ್ನೇ ಮಾಡಿಸುತ್ತಾರೆ. ಥರ್ಮೋಸ್ಟ್ಯಾಟ್ ಅಂದ್ರೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು. ನೀರು ತಣ್ಣಗಿರುವಾಗ ಮುಚ್ಚಿರುತ್ತದೆ. ಬಹಳಷ್ಟು ಕಾರುಗಳಲ್ಲಿ 82ರಿಂದ 88 ಡಿಗ್ರಿ ಮುಟ್ಟಿದಾಗ ತೆರೆಯುತ್ತದೆ. ಅದನ್ನು ಕಿತ್ತರೆ ನೀರು ಸದಾ ರೇಡಿಯೇಟರಿನಲ್ಲೇ ಸುತ್ತುತ್ತದೆ, 80ರ ಸ್ಪೀಡಿನಲ್ಲಿ ಎದುರುಗಾಳಿ ಹೊಡೆಯುತ್ತಾ ಅದನ್ನು ಬಿಸಿಯಾಗಲು ಬಿಡುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಸೆನ್ಸರ್ ಹೇಳುತ್ತಲೇ ಇರುತ್ತದೆ, ಕಂಪ್ಯೂಟರ್ ಅದನ್ನು ನಂಬಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ನಿಮಿಷ ಮಾತ್ರ ಕೊಡಬೇಕಾದ ಜಾಸ್ತಿ ಪೆಟ್ರೋಲನ್ನು ದಾರಿಯುದ್ದಕ್ಕೂ ಕೊಡುತ್ತಾ ಹೋಗುತ್ತದೆ. ಆಯಿಲ್ ಕೂಡ ದಪ್ಪವಾಗೇ ಉಳಿಯುತ್ತದೆ, ಎಂಜಿನ್ ಬಿಗಿಯಾಗಿ ತಿರುಗುತ್ತದೆ. ಬಿಸಿಲಿನ ಊರಿಗೆ ವಾಲ್ವ್ ಬೇಡ ಅನ್ನುವುದು ಶುದ್ಧ ತಪ್ಪು. ಹೊರಗೆ 42 ಡಿಗ್ರಿ ಇದ್ದರೂ ಎಂಜಿನ್ನಿಗೆ ಅದು ತಂಪೇ, ಅದಕ್ಕೆ ಬೇಕಾಗಿರುವುದು 90ರ ಆಸುಪಾಸು.

ಇನ್ನೂ ಬೇಜಾರಿನ ಮಾತು ಅಂದ್ರೆ, ನಮ್ಮ ಕಾರು ಹೀಟ್ ಆಗಿದ್ದು ಆ ವಾಲ್ವಿನಿಂದ ಅಲ್ಲವೇ ಅಲ್ಲ. ವರ್ಷಗಟ್ಟಲೆ ಕೂಲೆಂಟ್ ಬದಲು ಬೋರ್ ನೀರು ಹಾಕಿದ್ದೆ. ನಮ್ಮ ಬೋರ್ ನೀರು ಎಷ್ಟು ಗಡಸು ಅಂತ ನಿಮಗೂ ಗೊತ್ತಿರಬಹುದು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ಅದೇ ರೇಡಿಯೇಟರಿನೊಳಗೂ ಕೂತು ದಾರಿ ಕಿರಿದು ಮಾಡಿತ್ತು. ರೋಗ ಅಲ್ಲೇ ಉಳಿಯಿತು, ಒಳ್ಳೆಯ ವಾಲ್ವ್ ಹೋಯಿತು.

ಮೈಲೇಜ್ ಯಾಕೆ ಇಳಿಯಿತು ಅಂತ ಗೊತ್ತಾಗಲು ತಿಂಗಳುಗಳೇ ಹಿಡಿದವು. ಬೇಸಿಗೆಯಲ್ಲಿ ಎಸಿಯಿಂದ ಇರಬೇಕು ಅಂದುಕೊಂಡೆ. ನವೆಂಬರಿನಲ್ಲಿ ಕಬ್ಬಿನ ಹಂಗಾಮು ಶುರುವಾಯಿತು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಮೂರನೇ ಗೇರಿನಲ್ಲಿ ತೆವಳಿ, ಸಂದಿ ಸಿಕ್ಕಾಗ ಆಕ್ಸಿಲರೇಟರ್ ತುಳಿದು ಮುಂದೆ ಹೋಗಬೇಕು. ಅದಕ್ಕೇ ಕುಡಿಯುತ್ತಿದೆ ಅಂದುಕೊಂಡೆ. ಆಮೇಲೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಕ್ಲೀನಿಂಗ್, ಆಕ್ಸಿಜನ್ ಸೆನ್ಸರ್ ಅಂತ 9,000 ರೂಪಾಯಿ ಸುರಿದೆ. ಒಂದು ಪಾಯಿಂಟೂ ಏರಲಿಲ್ಲ. ಕೊನೆಗೆ ಬಾಗಲಕೋಟೆಯ ನವನಗರದಲ್ಲಿ ಒಬ್ಬರು ಸ್ಕ್ಯಾನರ್ ಹಾಕಿ ತೋರಿಸಿದರು: ವಿಜಯಪುರದಿಂದ ಓಡಿ ಬಂದ ಎಂಜಿನ್, ನೀರು ಬರೀ 62 ಡಿಗ್ರಿ. ಕೋಡ್ ಪಿ0128, ಅಂದ್ರೆ ನೀರು ಥರ್ಮೋಸ್ಟ್ಯಾಟಿನ ಮಟ್ಟಕ್ಕೆ ಬರುತ್ತಿಲ್ಲ. ಹೊಸ ವಾಲ್ವಿಗೆ 700 ರೂಪಾಯಿ. ರೇಡಿಯೇಟರನ್ನೂ ಬದಲಾಯಿಸಿ, ಕೂಲೆಂಟ್ ಹಾಕಿಸಿದೆ. ಅದೇ ದಾರಿ, ಅದೇ ಟ್ರ್ಯಾಕ್ಟರುಗಳು, ಮೈಲೇಜ್ 16.5.

ಎಥನಾಲ್ ಪೆಟ್ರೋಲಿನಿಂದ ಹೀಗಾಗಿದೆಯಾ ಅಂತಲೂ ಕೇಳಿದ್ದೀರಿ. ಲೀಟರಿಗೆ ಲೀಟರ್ ನೋಡಿದರೆ ಎಥನಾಲಿನಲ್ಲಿ ಶಕ್ತಿ ಮೂರನೇ ಒಂದು ಭಾಗದಷ್ಟು ಕಡಿಮೆ. 20 ಪರ್ಸೆಂಟ್ ಬೆರೆಸಿದರೆ 17 ಇದ್ದದ್ದು 16ರ ಹತ್ತಿರ ಬರಬಹುದು, 14ಕ್ಕೆ ಇಳಿಯುವುದಿಲ್ಲ. 80ರ ಬದಲು 100ರಲ್ಲಿ ಓಡಿಸುತ್ತಿದ್ದರೆ ಮಾತ್ರ ಲೆಕ್ಕ ಬೇರೆ, ಗಾಳಿಯ ತಡೆ ಒಂದೂವರೆ ಪಟ್ಟು ಆಗುತ್ತದೆ.

ಡ್ಯಾಶ್‌ಬೋರ್ಡಿನ ಮೈಲೇಜ್ ನಂಬಬೇಡಿ. ಆಟೋ ಕಟ್ ಆಗುವವರೆಗೆ ಫುಲ್ ಮಾಡಿಸಿ, 300 ಕಿಲೋಮೀಟರ್ ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ಹೆಡ್ ಕೆಲಸ ಮಾಡಿದವರನ್ನು ಒಂದೇ ಮಾತು ಕೇಳಿ: ವಾಲ್ವ್ ಒಳಗಿದೆಯಾ, ತೆಗೆದಿರಾ? ಅವರು ಏನಂದರು, ಸೂಜಿ ಎಲ್ಲಿ ನಿಂತಿತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.